ಪಾದಬಲಕ್ಕೆ ಒದಗಿದ ವಿದ್ಯುತ್ತು

ಮದಗದ ಕೆರೆಯ ನೆರೆಯಲ್ಲಿರುವ ಎಮ್ಮೆದೊಡ್ಡಿಯಿಂದ ಕಡೂರು ಪಟ್ಟಣಕ್ಕೆ ನಿತ್ಯವೂ ಸೈಕಲ್ಲಿನಲ್ಲಿ ಸಂಚರಿಸಬೇಕಾದವನಿಗೆ ಎದುರುಗಾಳಿಯ ಪರಾಕ್ರಮವನ್ನು ವಿವರಿಸಬೇಕಾಗಿಲ್ಲ. ಉತ್ತಮ ದರ್ಜೆಯ ವಿದ್ಯುತ್ ಸೈಕಲ್ಲಿನಲ್ಲಿ ನಾನು ಎಲ್ಲಕ್ಕಿಂತ ಮಿಗಿಲಾಗಿ ಮೆಚ್ಚುವುದು ಅದರ ಸೌಜನ್ಯವನ್ನು: ಪೆಡಲಿನ ಮೇಲೆ ಪಾದವು ಹೇರುವ ಒತ್ತಡವನ್ನು ಅಚ್ಚಿನೊಳಗಿನ ಸಂವೇದಕವು ಕ್ಷಣಕ್ಷಣಕ್ಕೂ ಅಳೆದು, ಆ ಪ್ರಯತ್ನಕ್ಕೆ ಅನುಗುಣವಾಗಿಯೇ ಮೋಟಾರು ನೆರವೀಯುವುದರಿಂದ, ಸವಾರನಿಗೆ ತನ್ನ ಕಾಲುಗಳೇ ಬಲಿಷ್ಠವಾದುವೆಂಬ ಭಾವವುಂಟಾಗುವುದು. ಯುರೋಪಿನ ನಗರಗಳಲ್ಲಿ ಗಂಟೆಗೆ 45 ಕಿಲೋಮೀಟರ್ ವರೆಗೆ ನೆರವಾಗುವ ಶೀಘ್ರಗಾಮಿ ಮಾದರಿಗಳುಂಟು. ನಮ್ಮ ದೇಶದ ನಿಯಮವಾದರೋ 250 ವ್ಯಾಟ್‌ಗಿಂತ ಕಡಮೆ ಶಕ್ತಿಯ, 25 ಕಿಲೋಮೀಟರ್‌ಗಿಂತ ಕಡಮೆ ವೇಗದ ಸೈಕಲ್ಲನ್ನು ಮೋಟಾರು ವಾಹನವೆಂದು ಗಣಿಸುವುದಿಲ್ಲ. ನಮ್ಮ ದಾರಿಗೆ ಅಷ್ಟು ವೇಗವೇ ಸಾಕು. ಬೆಲೆ ಅಧಿಕವೇ ಸರಿ. ಕೊಳ್ಳುವವರು ವೇಗವನ್ನು ವಿಚಾರಿಸುವ ಮೊದಲು ಬ್ರೇಕನ್ನೂ ಬ್ಯಾಟರಿಯನ್ನೂ ಪರೀಕ್ಷಿಸಿ ನೋಡಿರಿ.