ದೇಹಪೃಷ್ಠಫಲ: ಒಂದು ಶಬ್ದವಿಮರ್ಶೆ

ಎತ್ತರವನ್ನೂ ತೂಕವನ್ನೂ ಹಿಡಿದು ಮನುಷ್ಯದೇಹದ ಹೊರಮೈಯ ವಿಸ್ತೀರ್ಣವನ್ನು ಗಣಿಸುವ ಕ್ರಮವು ಈಗಿನ ವೈದ್ಯದಲ್ಲಿ ಪ್ರಸಿದ್ಧವಾಗಿದೆ. ಅರ್ಬುದರೋಗದ ಅನೇಕ ಔಷಧಗಳ ಪ್ರಮಾಣವು ಈ ಲೆಕ್ಕದಿಂದಲೇ ನಿರ್ಣಯವಾಗುವುದು. ಆದುದರಿಂದ ಇದನ್ನು ಕನ್ನಡದಲ್ಲಿ ಯಾವ ಶಬ್ದದಿಂದ ಹೇಳಬೇಕೆಂಬ ವಿಚಾರವು ಪಂಡಿತರ ವಿನೋದಮಾತ್ರವಲ್ಲ.

ಸಂಸ್ಕೃತವನ್ನು ಬಲ್ಲವರಿಗೆ 'ಪೃಷ್ಠಫಲ'ವೆಂಬುದು ಮೊದಲು ತೋರುವುದು ಸಹಜ. ಭಾಸ್ಕರಾಚಾರ್ಯನು 1150ರ ಲೀಲಾವತಿಯಲ್ಲಿ ಗೋಲದ ಹೊರಮೈಯ ಫಲವನ್ನು ಪೃಷ್ಠಜವೆಂದು ಕರೆದು, ಅದನ್ನು ಚೆಂಡನ್ನು ಸುತ್ತಿದ ಬಲೆಗೆ ಹೋಲಿಸಿರುವನು. ಅದು ವೃತ್ತಫಲದ ನಾಲ್ಮಡಿಯೆಂಬುದು ಅವನ ಸೂತ್ರ. ತಿಪಟೂರು, ತುರುವೇಕೆರೆ ಸೀಮೆಯ ಉಂಡೆಕೊಬ್ಬರಿಯನ್ನು ಕೈಯಲ್ಲಿ ಹಿಡಿದವನಿಗೆ ಈ ಮಾತು ಕ್ಷಣದಲ್ಲಿ ಮನದಟ್ಟಾಗುವುದು. ಆದರೆ ಗೋಲಕ್ಕೆ ಬೆನ್ನು ಹೊಟ್ಟೆಗಳ ಭೇದವಿಲ್ಲ, ದೇಹಕ್ಕುಂಟು. ದೇಹದ ಪೃಷ್ಠವೆಂದರೆ ಲೋಕದಲ್ಲಿಯೂ ಆಯುರ್ವೇದದಲ್ಲಿಯೂ ಬೆನ್ನೇ. ಸುಟ್ಟಗಾಯದ ಲೆಕ್ಕದಲ್ಲಿ ಪ್ರಾಯಸ್ಥನ ಮುಂಡದ ಹಿಂಭಾಗವು ಒಟ್ಟು ಮೈಯ 100ರಲ್ಲಿ ಸುಮಾರು 18 ಭಾಗ. ಶಬ್ದವು ಸಂದಿಗ್ಧವಾದಲ್ಲಿ ಅಂಶವೇ ಪೂರ್ಣವೆಂದು ಗ್ರಹಿಸಲ್ಪಡುವ ಭಯವಿದೆ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಈ ಗಣಿತವೇ ಇದೆಯೆಂದು ವಾದಿಸುವುದೂ ಯುಕ್ತವಲ್ಲ. ಅಲ್ಲಿ ಶರೀರದ ಉದ್ದವು 84 ಅಂಗುಲವೆಂದೂ, ಆಯಾಮ ವಿಸ್ತಾರಗಳು ಸಮವಾದ ದೇಹವು ಸಮವೆಂದೂ ಹೇಳಿದೆ. ಇವೆರಡನ್ನೂ ಗುಣಿಸಿದರೆ 7056 ಬರುವುದೇನೋ ನಿಜ. ಆದರೆ ಅಂಗುಲವು ಅವರವರ ಬೆರಳಿನದು. ಆದ್ದರಿಂದ ಸಮದೇಹಿಗಳೆಲ್ಲರಿಗೂ, ಕುಳ್ಳನಾಗಲಿ ಎತ್ತರದವನಾಗಲಿ, ಅದೇ ಸಂಖ್ಯೆ ಬರುವುದು. ಒಬ್ಬನಿಂದ ಒಬ್ಬನನ್ನು ಭೇದಿಸದ ಸಂಖ್ಯೆಯು ಔಷಧಪ್ರಮಾಣಕ್ಕೆ ಹೇಗೆ ಸಾಧನವಾದೀತು? ಚರಕನ ಉದ್ದೇಶವು ಅವಯವಗಳ ಅನುಪಾತವೇ ಹೊರತು ಕ್ಷೇತ್ರಫಲವಲ್ಲ. ಇದನ್ನು ಒಪ್ಪುವುದರಿಂದ ಆ ಗ್ರಂಥದ ಗೌರವಕ್ಕೆ ಕುಂದಿಲ್ಲ.

ಈ ಕ್ಷೇತ್ರಫಲವನ್ನು ಕಾಣಲು ಪ್ರಯೋಗಗಳೇ ಬೇಕಾದುವು. ಡ್ಯೂಬಾಯ್ಸ್‌ದ್ವಯರು ಮೈಗೆ ಅಂಟಿದ ಕಾಗದದ ಅಚ್ಚನ್ನು ಕತ್ತರಿಸಿ, ಹರಡಿ ಅಳೆದು, 1916ರಲ್ಲಿ ತಮ್ಮ ಸೂತ್ರವನ್ನು ಪ್ರಕಟಿಸಿದರು. ಭಾಸ್ಕರನ ಬಲೆಯನ್ನು ಅವರು ನಿಜವಾಗಿಯೇ ಬಿಚ್ಚಿದರೆನ್ನಬಹುದು. 1987ರಲ್ಲಿ ಮೋಸ್ಟೆಲರನು ಸುಲಭಮಾರ್ಗವನ್ನು ಹೇಳಿದನು: ಸೆಂಟಿಮೀಟರಿನ ಎತ್ತರವನ್ನು ಕಿಲೋಗ್ರಾಮಿನ ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲವನ್ನು ತೆಗೆಯುವುದು. 150 ಎತ್ತರ 54 ತೂಕದವನಿಗೂ, 162 ಎತ್ತರ 50 ತೂಕದವನಿಗೂ 1.5 ಚದರ ಮೀಟರೇ ಲಭಿಸುವುದು.

ಆದುದರಿಂದ ಗೋಲಕ್ಕೆ ಪೃಷ್ಠಫಲವೆಂಬ ಶಬ್ದವಿರಲಿ; ದೇಹಕ್ಕೆ ಬೇಡ. ಸಂಸ್ಕೃತಪದವೇ ಬೇಕಾದಲ್ಲಿ 'ಚರ್ಮಕ್ಷೇತ್ರಫಲ'ವು ನಿರ್ದುಷ್ಟ. ಬಳಕೆಯಲ್ಲಿರುವ 'ಮೇಲ್ಮೈ ವಿಸ್ತೀರ್ಣ'ವು ಅದಕ್ಕಿಂತಲೂ ಸುಗಮ. ದೇಹವನ್ನೂ ಹೊರಭಾಗವನ್ನೂ 'ಮೈ' ಎಂಬ ಒಂದೇ ಮಾತಿನಿಂದ ಹೇಳಬಲ್ಲ ಕನ್ನಡಕ್ಕೆ ಇಲ್ಲಿ ಸಾಲವು ಅನಾವಶ್ಯಕ.