ಮೊಳೆ ಹೊಡೆದ ಬಾಗಿಲಿನಿಂದ ಆರಂಭವಾದ ಸಭಾಚರಿತ್ರೆ

ನಿಮ್ಮ ಮನೆಯ ಕಪಾಟಿನಲ್ಲಿ ಎಲ್ಲಿಯಾದರೂ ಒಂದು ಸ್ಮರಣ ಸಂಚಿಕೆ ಇದ್ದೇ ಇರುತ್ತದೆ. ಸಭೆಯ ಸುವರ್ಣ ಮಹೋತ್ಸವಕ್ಕೋ ಶತಮಾನೋತ್ಸವಕ್ಕೋ ಹೊರತಂದದ್ದು. ಮೊದಲ ಪುಟಗಳಲ್ಲಿ ಶುಭಸಂದೇಶಗಳು, ಬಳಿಕ ಸೇವೆ ಸಲ್ಲಿಸಿದ ಸಭಾಪಾಲಕರ ಭಾವಚಿತ್ರಗಳು, ಅಸ್ತಿವಾರದ ಕಲ್ಲನ್ನಿಟ್ಟ ದಿನಾಂಕ, ಗಂಟೆಯನ್ನು ದಾನಮಾಡಿದವರ ಹೆಸರು, ಕೊನೆಯಲ್ಲಿ ಜಾಹೀರಾತುಗಳು. ಓದಿ ಮುಗಿಸಿದಾಗ, ಆ ಸಭೆಯಲ್ಲಿ ಯಾರೂ ಎಂದೂ ಜಗಳವಾಡಲಿಲ್ಲ, ಯಾರೂ ಹಸಿದಿರಲಿಲ್ಲ, ಯಾರೂ ಮುನಿದು ಹೊರಗೆ ಹೋಗಲಿಲ್ಲವೆಂದೇ ನಂಬಬೇಕಾಗುತ್ತದೆ. ಇಂಥ ಸಂಚಿಕೆಯೊಂದರ ಸಂಪಾದಕ ಮಂಡಳಿಯಲ್ಲಿ ನಾನೂ ಕುಳಿತವನು. ಆದುದರಿಂದ ಈ ಆಪಾದನೆಯಲ್ಲಿ ನನಗೂ ಪಾಲುಂಟು.

ಹಾಗಾದರೆ ಒಂದು ಚಿಕ್ಕ ಹಳ್ಳಿಯ ಸಭೆಯ ಚರಿತ್ರೆಯನ್ನು ಬರೆಯುವುದು ಹೇಗೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇತ್ತೀಚೆಗೆ ಒಂದು ಹಳೆಯ ಪುಸ್ತಕವನ್ನು ಮತ್ತೆ ಓದಿದೆ. ಸ್ಕಾಟ್ಲೆಂಡಿನ ಜಾನ್ ಗಾಲ್ಟ್ ಬರೆದು, 1821ರಲ್ಲಿ ಎಡಿನ್‌ಬರೋದ ಬ್ಲ್ಯಾಕ್‌ವುಡ್ ಪ್ರಕಟಿಸಿದ ‘ಆನಲ್ಸ್ ಆಫ್ ದ ಪ್ಯಾರಿಷ್’. ಒಂದು ಸಭೆಯ ವರ್ಷವರ್ಷದ ವೃತ್ತಾಂತವೆಂದು ಹೆಸರಿನ ಅರ್ಥ. ಏರ್‌ಶೈರ್ ಪ್ರಾಂತದ ಡಾಲ್‌ಮೇಲಿಂಗ್ ಎಂಬ ಹಳ್ಳಿಯ ಪ್ರೆಸ್ಬಿಟೇರಿಯನ್ ಸಭೆಯ ಕಥೆಯನ್ನು ಅದರ ಸಭಾಪಾಲಕರಾದ ರೆವರೆಂಡ್ ಮೈಕಾ ಬಾಲ್‌ವಿಡರ್ ತಾವೇ ಹೇಳುತ್ತಾರೆ. 1760ರಿಂದ 1810ರವರೆಗೆ, ಒಂದು ವರ್ಷಕ್ಕೆ ಒಂದು ಅಧ್ಯಾಯ. ಹಳ್ಳಿಯೂ ಸಭಾಪಾಲಕರೂ ಕಲ್ಪಿತ. ಆದರೆ ಗಾಲ್ಟ್ ಅದೇ ಪ್ರಾಂತದ ಅರ್ವಿನ್ ಪಟ್ಟಣದಲ್ಲಿ 1779ರಲ್ಲಿ ಹುಟ್ಟಿದವನು. ಆ ಜನರ ಮಾತು, ಹಟ, ಭಕ್ತಿ, ಜಿಪುಣತನ ಎಲ್ಲವನ್ನೂ ಬಲ್ಲವನು. ತನ್ನದು ಕಾದಂಬರಿಯಲ್ಲ, ಒಂದು ಬಗೆಯ ಸಮಾಜ ಚರಿತ್ರೆ ಎಂಬುದು ಅವನ ವಾದ. 1813ರಲ್ಲೇ ಆರಂಭಿಸಿದ್ದ ಈ ಬರಹವನ್ನು ಒಬ್ಬ ಪ್ರಸಿದ್ಧ ಪ್ರಕಾಶಕನು ಸ್ಕಾಟ್ಲೆಂಡಿನ ಹಳ್ಳಿಯ ಕಥೆ ಯಾರಿಗೆ ಬೇಕೆಂದು ಹಿಂದಿರುಗಿಸಿದ್ದನು. ಮರುವರ್ಷವೇ ವಾಲ್ಟರ್ ಸ್ಕಾಟನ ‘ವೇವರ್ಲಿ’ ಹೊರಬಂದು ಎಲ್ಲರ ಕೈಯಲ್ಲೂ ಸ್ಕಾಟಿಷ್ ಕಥೆಗಳೇ ಆದವು. ಪ್ರಕಾಶಕರ ಭವಿಷ್ಯಜ್ಞಾನ ಅಂದಿಗೂ ಅಷ್ಟೇ!

ಈ ಚರಿತ್ರೆಯ ಮೊದಲ ವರ್ಷವನ್ನು ಗಮನಿಸಿರಿ. ಮೂರನೆಯ ಜಾರ್ಜ್ ದೊರೆ ಪಟ್ಟಕ್ಕೆ ಬಂದ ದಿನವೇ ಬಾಲ್‌ವಿಡರ್ ಡಾಲ್‌ಮೇಲಿಂಗಿಗೆ ಸಭಾಪಾಲಕರಾಗಿ ಬರುತ್ತಾರೆ. ಆದರೆ ಸಭೆಗೆ ಅವರು ಬೇಡ. ಅವರನ್ನು ಆರಿಸಿದ್ದು ಸಭೆಯಲ್ಲ, ಆ ಪ್ರದೇಶದ ಒಡೆತನವುಳ್ಳ ಜಮೀನುದಾರ. 1712ರ ಕಾನೂನು ಭೂಮಾಲಿಕರಿಗೆ ಸಭಾಪಾಲಕನನ್ನು ಹೆಸರಿಸುವ ಹಕ್ಕನ್ನು ಮರಳಿ ಕೊಟ್ಟಿತ್ತು. ಸಭಿಕರು ದೇವಾಲಯದ ಬಾಗಿಲಿಗೆ ಮೊಳೆ ಹೊಡೆದುಬಿಟ್ಟಿದ್ದಾರೆ. ಸೈನಿಕರ ಕಾವಲಿನಲ್ಲಿ, ಮೈಮೇಲೆ ಬೀಳುವ ಕೆಸರನ್ನು ಸಹಿಸಿಕೊಂಡು ಬಂದ ಬೋಧಕರು ಕಿಟಕಿಯಿಂದ ಒಳಗೆ ಇಳಿಯುತ್ತಾರೆ. ಆಗ ಥಾಮಸ್ ಥಾರ್ಲ್ ಎಂಬ ನೇಕಾರನು ಎದ್ದು ನಿಂತು, ಕುರಿಹಟ್ಟಿಯೊಳಕ್ಕೆ ಬಾಗಿಲಿನಿಂದ ಬಾರದೆ ಬೇರೆ ಕಡೆಯಿಂದ ಹತ್ತಿ ಬರುವವನ ಕುರಿತು ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿರುವ ಮಾತನ್ನು ಅವರ ಮುಖಕ್ಕೇ ಹೇಳುತ್ತಾನೆ. ಹಸ್ತಾರೋಪಣದ ಹೊತ್ತಿನಲ್ಲಿ ನೂಕುನುಗ್ಗಲಿನಿಂದ ಹತ್ತಿರ ಬರಲಾಗದ ಒಬ್ಬ ಹಿರಿಯ ಬೋಧಕರು ತಮ್ಮ ಊರುಗೋಲನ್ನೇ ಚಾಚಿ ಹೊಸಬರ ತಲೆಗೆ ತಾಗಿಸುತ್ತಾರೆ. ಮರಕ್ಕೆ ಮರ ಸರಿಯಾಯಿತೆಂದು ಹಾಸ್ಯವನ್ನೂ ಮಾಡುತ್ತಾರೆ.

ನಮ್ಮ ಯಾವ ಸ್ಮರಣ ಸಂಚಿಕೆ ಇದನ್ನು ಅಚ್ಚುಹಾಕೀತು? ಬಾಲ್‌ವಿಡರ್ ಇದನ್ನು ಬಚ್ಚಿಡುವುದಿಲ್ಲ. ಆ ಬಳಿಕ ಮನೆಯಿಂದ ಮನೆಗೆ ಹೋದಾಗ ಬಾಗಿಲುಗಳು ಮುಚ್ಚಿಕೊಂಡದ್ದನ್ನೂ, ಕೊನೆಗೆ ಅವರನ್ನು ಒಳಗೆ ಕರೆದು ಕುಳ್ಳಿರಿಸಿದವನು ಅದೇ ನೇಕಾರ ಥಾರ್ಲ್ ಎಂಬುದನ್ನೂ ಅಷ್ಟೇ ಸರಳವಾಗಿ ಬರೆಯುತ್ತಾರೆ. ಕಾನೂನು ಕಿಟಕಿಯ ತನಕ ತಂದಿತು. ಮನೆಯೊಳಗೆ ಕರೆದದ್ದು ಒಬ್ಬ ಸಭಿಕನ ದೊಡ್ಡ ಮನಸ್ಸು. ಪುಸ್ತಕದ ಸತ್ವವೆಲ್ಲ ಈ ಎರಡು ಪ್ರವೇಶಗಳ ನಡುವಣ ಅಂತರದಲ್ಲಿದೆಯೆಂದು ನನ್ನ ಎಣಿಕೆ.

ಮುಂದಿನ ವರ್ಷ ಊರಿಗೆ ಚಹಾ ಬರುತ್ತದೆ, ಅದರ ಜೊತೆಗೆ ಕಳ್ಳಸಾಗಣೆಯೂ. ಕೈಸರನದನ್ನು ಕೈಸರನಿಗೆ ಕೊಡಬೇಕೆಂಬ ವಚನದ ಮೇಲೆ ಹದಿನಾರು ಸಾರಿ ಪ್ರಸಂಗ ಮಾಡಿದೆನೆಂದು ಸಭಾಪಾಲಕರು ಬರೆಯುತ್ತಾರೆ. ಕಳ್ಳಸಾಗಣೆ ನಿಲ್ಲಲಿಲ್ಲವೆಂದೂ ಬರೆಯುತ್ತಾರೆ. ಹೆಂಗಸರು ಮರೆಯಲ್ಲಿ ಸೇರಿ ಚಹಾ ಕುಡಿಯುವುದು ಅವರಿಗೆ ಮೊದಲು ಸರಿಬರುವುದಿಲ್ಲ. ಆಮೇಲೆ ಒಬ್ಬ ಗೌರವಸ್ಥ ವಿಧವೆ ಚಹಾದ ಪರವಾಗಿ ನಾಲ್ಕು ಮಾತು ಹೇಳಿದಾಗ ಅವರ ವಿರೋಧ ತಾನಾಗಿ ಕರಗುತ್ತದೆ. ಹದಿನಾರು ಪ್ರಸಂಗಗಳಿಂದ ಸಭೆ ಬದಲಾಗಲಿಲ್ಲ, ಒಂದು ಬಟ್ಟಲಿನಿಂದ ಬೋಧಕರೇ ಬದಲಾದರು! ಹಾಗೆಯೇ ಊರಿಗೆ ಒಳ್ಳೆಯ ರಸ್ತೆ ಬಂದದ್ದು ಯಾರ ಮನವಿಯಿಂದಲೂ ಅಲ್ಲ. ಒಬ್ಬ ಪ್ರಭು ಆ ದಾರಿಯಲ್ಲಿ ಪ್ರಯಾಣಿಸುತ್ತ ಅಪಘಾತಕ್ಕೆ ಸಿಲುಕಿ ತಿಪ್ಪೆಗುಂಡಿಗೆ ಬಿದ್ದುದರಿಂದ. ರಸ್ತೆಗಳ ಮಟ್ಟಿಗೆ ನಮ್ಮ ಅನುಭವವೂ ಬಹಳ ಬೇರೆಯಲ್ಲ.

ಇವೆಲ್ಲ ಲಘುವಾದ ಸಂಗತಿಗಳೆನಿಸಬಹುದು. ಆದರೆ ಗಾಲ್ಟನ ಕೈಚಳಕ ಇಲ್ಲಿಯೇ ಇದೆ. ರಾಜರ ಯುದ್ಧಗಳೂ ಫ್ರಾನ್ಸಿನ ಕ್ರಾಂತಿಯೂ ಈ ಪುಸ್ತಕದಲ್ಲಿ ಬಾರದೆ ಇಲ್ಲ. ಅವು ಡಾಲ್‌ಮೇಲಿಂಗಿನ ಒಂದು ಹೊಸ್ತಿಲನ್ನು ದಾಟಿದಾಗ ಮಾತ್ರ ಬರುತ್ತವೆ. ಅದಕ್ಕೆ 1782ರ ಅಧ್ಯಾಯಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಚಹಾದ ಪರವಾಗಿ ಮಾತನಾಡಿದ ಆ ವಿಧವೆಯ ಹೆಸರು ಮಿಸೆಸ್ ಮಾಲ್ಕಮ್. ಹಡಗಿನ ನಾಯಕನಾಗಿದ್ದ ಗಂಡನು ಸಮುದ್ರದ ಪಾಲಾದ ಮೇಲೆ ಐದು ಮಕ್ಕಳನ್ನು ಕರೆದುಕೊಂಡು ಈ ಹಳ್ಳಿಗೆ ಬಂದು, ಬೆಳಗಿನಿಂದ ರಾತ್ರಿಯವರೆಗೆ ನೂಲು ತೆಗೆದು, ಯಾರ ಮುಂದೆಯೂ ಕೈಚಾಚದೆ ಬದುಕಿದವಳು. ಹಿರಿಯ ಮಗ ಚಾರ್ಲ್ಸ್ ಹುಡುಗನಾಗಿದ್ದಾಗಲೇ ಹಡಗು ಸೇರಿ, ಮುಂದೆ ನೌಕಾಪಡೆಯ ಅಧಿಕಾರಿಯಾದನು. 1782ರಲ್ಲಿ ಫ್ರೆಂಚರ ಮೇಲೆ ಜಯವಾಯಿತೆಂಬ ಸುದ್ದಿಯೂ, ಚಾರ್ಲ್ಸ್ ಆ ಕಾಳಗದಲ್ಲಿ ಗಾಯಗೊಂಡು ಸತ್ತನೆಂಬ ಕಾಗದವೂ ಸಭಾಪಾಲಕರಿಗೆ ಒಂದೇ ಟಪಾಲಿನಲ್ಲಿ ಬರುತ್ತವೆ. ತಾಯಿಗೆ ಹೇಳುವ ಧೈರ್ಯ ಸಾಲದೆ ಅವರು ಕುಳಿತಿರುವಾಗ, ಶಾಲೆಯ ಹುಡುಗರು ಜಯದ ಸುದ್ದಿ ಕೇಳಿ ಕುಣಿಯುತ್ತ ದೇವಾಲಯದ ಗಂಟೆಯನ್ನು ಬಾರಿಸಲಾರಂಭಿಸುತ್ತಾರೆ. ಆ ಗಂಟೆಯ ಸದ್ದು ಕೇಳಿ, ಬೋಧಕರಿಗೆ ಕಾಗದ ಬಂದಿದೆಯೆಂದು ತಿಳಿದು, ತಾಯಿ ತಾನೇ ಅವರ ಮನೆಗೆ ಬರುತ್ತಾಳೆ. ಅವರ ಬಾಯಿಂದ ಮಾತು ಹೊರಡುವುದಿಲ್ಲ. ಕಣ್ಣು ತುಂಬಿದ್ದನ್ನು ನೋಡಿಯೇ ಅವಳಿಗೆ ಅರ್ಥವಾಗುತ್ತದೆ. ಅವಳ ಮೊದಲ ಪ್ರಶ್ನೆ, ಅವನು ಹೇಗೆ ನಡೆದುಕೊಂಡನು ಎಂಬುದು. ಆಮೇಲೆ ಅಳುತ್ತಾಳೆ. ಕಾಗದವನ್ನು ಓದಿಸಿ ಕೇಳಿ, ಅದನ್ನು ತನಗೇ ಕೊಟ್ಟುಬಿಡಬೇಕೆಂದು ಬೇಡುತ್ತಾಳೆ.

ಒಂದೇ ಗಂಟೆ ಊರಿಗೆ ವಿಜಯವನ್ನೂ ತಾಯಿಗೆ ಮರಣವನ್ನೂ ಸಾರುವ ಈ ಸನ್ನಿವೇಶವನ್ನು ಗಾಲ್ಟ್ ಸುಮಾರು ಒಂದು ಪುಟದಲ್ಲಿ ಮುಗಿಸುತ್ತಾನೆ. ಯುದ್ಧದ ಬಗ್ಗೆ ಒಂದು ಉಪದೇಶವಿಲ್ಲ. ಹುಡುಗರನ್ನು ಗದರಿಸುವುದೂ ಇಲ್ಲ. ಓದುಗರೇ, ಗಂಟೆಯನ್ನು ದಾನಮಾಡಿದವರ ಹೆಸರನ್ನು ನಾವು ಕಲ್ಲಿನಲ್ಲಿ ಕೆತ್ತಿಸುತ್ತೇವೆ; ಆ ಗಂಟೆ ಯಾರ ಯಾರ ಎದೆಯಲ್ಲಿ ಹೇಗೆ ಬಾರಿಸಿತೆಂಬುದನ್ನು ಬರೆದಿಡುವವರು ಯಾರು?

ಪುಸ್ತಕದಲ್ಲಿ ದೋಷಗಳಿಲ್ಲವೆಂದಲ್ಲ. ಮಾಲ್ಕಮ್ ಮನೆಯ ಉಳಿದ ಮಕ್ಕಳೆಲ್ಲರೂ ಒಳ್ಳೆಯ ಸ್ಥಾನಕ್ಕೇರುವುದು ಸ್ವಲ್ಪ ಅತಿ ಸಿಹಿಯಾಯಿತು. ಬೋಧಕರು ತಮ್ಮ ಎರಡನೆಯ ಹೆಂಡತಿಯನ್ನು ಕುರಿತು ಬರೆದದ್ದನ್ನು ಓದಿದಾಗ ನಗು ಬರುತ್ತದೆ, ಆಮೇಲೆ ಆಕೆಯ ಮೇಲೆ ಕನಿಕರವೂ ಹುಟ್ಟುತ್ತದೆ. ಬೆಣ್ಣೆ, ಗಿಣ್ಣು, ನೂಲು ಎಂದು ಹಗಲಿರುಳು ದುಡಿದು ಮನೆಯ ಖರ್ಚನ್ನು ಆಕೆಯೇ ತೂಗಿಸುತ್ತಾಳೆ. ಯಜಮಾನರು ಮನೆಯಲ್ಲಿ ಶಾಂತಿಯೇ ಇಲ್ಲವೆಂದು ದೂರುತ್ತಾರೆ, ಕೈಗೂಡಿದ ಹಣದ ಲೆಕ್ಕವನ್ನು ಮಾತ್ರ ಮರೆಯದೆ ಹೇಳುತ್ತಾರೆ! ಆದರೆ ಇದು ಗಾಲ್ಟನ ದೋಷವಲ್ಲ. ಹೇಳುವವರು ಕಾಣದ್ದನ್ನು ನಾವು ಕಾಣುವಂತೆ ಬರೆಯುವುದೇ ಅವನ ವಿಧಾನ.

ನಿಜವಾದ ಮೌನ ಬೇರೆಡೆಯಲ್ಲಿದೆ. ಚಾರ್ಲ್ಸ್ ಮೊದಲು ಸೇರಿದ್ದು ವರ್ಜೀನಿಯಾದ ಹೊಗೆಸೊಪ್ಪಿನ ವ್ಯಾಪಾರದ ಹಡಗನ್ನು. ಬೋಧಕರಿಗೆ ಉಡುಗೊರೆಯಾಗಿ ಅವನು ತರುವುದು ತೆಂಗಿನಕಾಯಿ ಮತ್ತು ಜಮೈಕಾದ ರಮ್. ಆ ಹೊಗೆಸೊಪ್ಪು, ಆ ರಮ್ಮಿಗೆ ಬೇಕಾದ ಕಬ್ಬು, ಎರಡನ್ನೂ ಬೆಳೆದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಹದಿನಾರು ಸಾರಿ ಸುಂಕದ ಬಗ್ಗೆ ಪ್ರಸಂಗಿಸಿದ ಬೋಧಕರಿಗೆ ಆ ಉಡುಗೊರೆಯನ್ನು ಕೈಗೆತ್ತಿಕೊಳ್ಳುವಾಗ ಒಂದು ಪ್ರಶ್ನೆಯೂ ಏಳುವುದಿಲ್ಲ. ಇದು ಬೋಧಕರ ಕುರುಡುತನವೆಂದು ಗಾಲ್ಟ್ ನಮಗೆ ತೋರಿಸುತ್ತಿದ್ದಾನೋ, ಅಥವಾ ಅವನಿಗೇ ಕಾಣಲಿಲ್ಲವೋ? ಅವನಿಗೇ ಕಾಣಲಿಲ್ಲವೆಂದು ನಾನು ಭಾವಿಸುತ್ತೇನೆ. ಹೆಂಡತಿಯ ವಿಷಯದಲ್ಲಿ ಓದುಗನಿಗೆ ಕೊಡುವ ಕಣ್ಸನ್ನೆ ಇಲ್ಲಿ ಎಲ್ಲಿಯೂ ಇಲ್ಲ.

1788ರಲ್ಲಿ ಹಳ್ಳಿಯ ಪಕ್ಕದಲ್ಲಿ ಹತ್ತಿಯ ಗಿರಣಿ ಏಳುತ್ತದೆ. ಅಮೆರಿಕದಲ್ಲಿ ದೊರೆಯ ಪಕ್ಷವನ್ನು ವಹಿಸಿ ಎಲ್ಲವನ್ನೂ ಕಳೆದುಕೊಂಡು ಬಂದ ಕೇಯೆನ್ ಎಂಬ ಸಿಡುಕಿನ ಮನುಷ್ಯ ಅದರ ಮುಂದಾಳು. ಗಿರಣಿಯ ಸುತ್ತ ಹೊಸ ಪೇಟೆ, ಪೇಟೆಗೆ ಪುಸ್ತಕದ ಅಂಗಡಿ, ಅಂಗಡಿಗೆ ಲಂಡನ್ ಪತ್ರಿಕೆ. ನೇಕಾರರು ಪತ್ರಿಕೆ ಓದಿ ಸಮಾನತೆಯ ಮಾತಾಡತೊಡಗುತ್ತಾರೆ. ಆ ಕಾಲದ ಹೊಸ ವಿಚಾರಗಳನ್ನು ಎದುರಿಸುತ್ತ ಬೋಧಕರು, ಕ್ರಿಸ್ತೀಯತೆಯನ್ನು ಬಿಟ್ಟು ‘ಯುಟಿಲಿಟೇರಿಯನ್’ಗಳಾಗಬೇಡಿರೆಂದು ಎಚ್ಚರಿಸುತ್ತಾರೆ. ಒಂದು ಸ್ವಾರಸ್ಯ: ಉಪಯುಕ್ತತಾವಾದದ ದೊಡ್ಡ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ ಆ ಪದವನ್ನು ತಾನು ಗಾಲ್ಟನ ಈ ಪುಸ್ತಕದಿಂದಲೇ ಎತ್ತಿಕೊಂಡೆನೆಂದು ಒಪ್ಪಿಕೊಂಡಿದ್ದಾನೆ. ಹಳ್ಳಿಯ ಬೋಧಕನೊಬ್ಬ ಬೇಡವೆಂದು ಎಸೆದ ಪದ ಒಂದು ತತ್ತ್ವಶಾಸ್ತ್ರದ ಬಾವುಟವಾಯಿತು. ಮುಂದೆ ಗಿರಣಿ ನಿಂತುಹೋಗುತ್ತದೆ. ಕೆಲಸ ಕಳೆದುಕೊಂಡವರ ಹಸಿವು ಒಂದೆಡೆ. ಗಿರಣಿಯ ಮೇಲ್ವಿಚಾರಕನೂ ಅವನ ಹೆಂಡತಿಯೂ ಮಕ್ಕಳನ್ನು ಅನಾಥರಾಗಿ ಬಿಟ್ಟು ತಮ್ಮ ಕೈಯಾರೆ ಪ್ರಾಣ ಕಳೆದುಕೊಂಡದ್ದು ಇನ್ನೊಂದೆಡೆ. ಅದನ್ನು ಬರೆಯುವಾಗ ಮುದುಕರ ನಗೆ ಸಂಪೂರ್ಣವಾಗಿ ಬತ್ತಿಹೋಗಿರುತ್ತದೆ.

ಬೋಧಕರಿಗೆ ಅತ್ಯಂತ ನೋವಾದ ಸಂಗತಿ ಬೇರೊಂದು. ಆ ಹೊಸ ಪೇಟೆಯಲ್ಲಿ ‘ಸಿಸೀಡರ್’ಗಳು, ಅಂದರೆ ಸ್ಥಾಪಿತ ಸಭೆಯನ್ನು ಬಿಟ್ಟು ಹೊರಬಂದ ಪ್ರೆಸ್ಬಿಟೇರಿಯನ್ನರು, ತಮ್ಮದೇ ಪ್ರಾರ್ಥನಾಲಯವನ್ನು ಕಟ್ಟುತ್ತಾರೆ. ಡಾಲ್‌ಮೇಲಿಂಗಿನ ಪೀಠಗಳು ಖಾಲಿಯಾಗತೊಡಗುತ್ತವೆ. ಇದರ ಹಿನ್ನೆಲೆಯನ್ನು ನಾವು ತಿಳಿದಿರಬೇಕು. ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಬಿಷಪರಿಲ್ಲ. ಸಭಾಪಾಲಕನೂ ಸಭೆಯ ಹಿರಿಯರೂ ಸೇರಿ ಸಭೆಯನ್ನು ನಡಿಸುತ್ತಾರೆ. ಇಂಥ ಸಭೆಗೆ ಜಮೀನುದಾರನು ಬೋಧಕನನ್ನು ನೇಮಿಸುವುದು ಎಷ್ಟು ಕಹಿಯಾಗಿದ್ದಿರಬೇಕು! ಮೊದಲ ದೊಡ್ಡ ಒಡಕು 1733ರಲ್ಲಿ ಎಬೆನೇಜರ್ ಅರ್ಸ್ಕಿನ್ ಮತ್ತು ಸಂಗಡಿಗರಿಂದಾಯಿತು. ಗಾಲ್ಟ್ ತೀರಿಕೊಂಡದ್ದು 1839ರಲ್ಲಿ. ನಾಲ್ಕು ವರ್ಷಗಳ ಬಳಿಕ, 1843ರಲ್ಲಿ, ಇದೇ ಪ್ರಶ್ನೆಯ ಮೇಲೆ ಸ್ಕಾಟ್ಲೆಂಡ್ ಸಭೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬೋಧಕರು ಮನೆ ಸಂಬಳಗಳನ್ನು ತೊರೆದು ಹೊರನಡೆದರು. ಭಾರತದಲ್ಲಿ ಸೇವೆಯಲ್ಲಿದ್ದ ಅಲೆಕ್ಸಾಂಡರ್ ಡಫ್ ಮೊದಲಾದ ಸ್ಕಾಟಿಷ್ ಮಿಷನರಿಗಳೂ ಅವರನ್ನೇ ಸೇರಿಕೊಂಡರು. ಜಮೀನುದಾರರ ಹಕ್ಕು ರದ್ದಾದದ್ದು 1874ರಲ್ಲಿ.

ಈ ಪರಂಪರೆ ನಮಗೆ ತೀರ ಹೊರಗಿನದೂ ಅಲ್ಲ. ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರು 1908ರಲ್ಲಿ ಕಾಂಗ್ರಿಗೇಷನಲ್ ಸಭೆಗಳೊಡನೆ ಕೂಡಿ ದಕ್ಷಿಣ ಭಾರತ ಐಕ್ಯಸಭೆಯಾದರು. 1947ರ ಸೆಪ್ಟೆಂಬರ್ 27ರಂದು ಆ ಸಭೆ ಆಂಗ್ಲಿಕನ್ ಮತ್ತು ಮೆಥಡಿಸ್ಟ್ ಸಭೆಗಳೊಡನೆ ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿತು. ಪಾಸ್ಟರೇಟ್ ಕಮಿಟಿಯಲ್ಲಿ ಸಾಮಾನ್ಯ ಸಭಿಕನೊಬ್ಬ ಎದ್ದು ನಿಂತು ಮಾತನಾಡುವಾಗ ನೇಕಾರ ಥಾರ್ಲನ ದನಿ ಅದರಲ್ಲಿ ಸ್ವಲ್ಪ ಬೆರೆತಿರುತ್ತದೆ. ಅದನ್ನು ಕೇಳಿಸಿಕೊಳ್ಳುವುದು ಯಾವಾಗಲೂ ಹಿತವಲ್ಲ, ನಿಜ.

ಒಂದು ಮಾತು ಹೇಳಲು ಬಿಟ್ಟಿದ್ದೇನೆ. ಈ ಪುಸ್ತಕ ವಾಸ್ತವವಾಗಿ 1760ರಿಂದ ಆರಂಭವಾಗುವುದಿಲ್ಲ. ಗಾಲ್ಟ್ ಕೊನೆಯನ್ನು ಮುನ್ನುಡಿಯಲ್ಲಿಯೇ ಇಟ್ಟಿದ್ದಾನೆ. 1810ರ ಕೊನೆಯ ಭಾನುವಾರ ಬಾಲ್‌ವಿಡರ್ ತಮ್ಮ ಕಡೆಯ ಪ್ರಸಂಗವನ್ನು ಮಾಡುತ್ತಾರೆ. ಕೆಲವು ದಿನಗಳಾದ ಮೇಲೆ ಅವರ ಮನೆಗೆ ಒಂದು ನಿಯೋಗ ಬರುತ್ತದೆ. ಬಂದವರು ಅವರನ್ನು ಬಿಟ್ಟುಹೋದ ಅದೇ ಸಿಸೀಡರ್‌ಗಳು, ಮುಂದೆ ಅವರ ಬೋಧಕರು. ಎಲ್ಲ ಪಂಗಡಗಳ ಬಡವರಿಗೆ ತೋರಿಸಿದ ದಯೆಗಾಗಿ ಒಂದು ಬೆಳ್ಳಿಯ ತಬಕನ್ನು ತಂದುಕೊಡುತ್ತಾರೆ. ಅದರ ಮೇಲಿನ ಬರಹ ಬಹಳ ಚೆನ್ನಾಗಿದೆಯೆಂದು ಮುದುಕರು ಮೆಚ್ಚಿ ಹೇಳುತ್ತಾರೆ. ಬರೆದುಕೊಟ್ಟವನು, ಕೂಲಿಗೆ ಮಗ್ಗದಲ್ಲಿ ಕೂರುವ ಒಬ್ಬ ನೇಕಾರರ ಹುಡುಗ.