ಪುಕ್ಕಟೆ ರೇಡಿಯೋಕ್ಕೇ ಯಾಕೆ ಬೇಲಿ?

ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಭೀಮಾ ನದಿಗೆ ನೀರು ಬಿಟ್ಟರೆ ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಊರುಗಳಿಗೆ ನಿದ್ದೆಯಿಲ್ಲ. ಆಗ ಖಾಸಗಿ ಎಫ್‌ಎಂ ನಿಲಯ ‘ನೀರು ಬರುತ್ತಿದೆ, ಎಚ್ಚರ’ ಎನ್ನಬಹುದು. ಮುನ್ಸೂಚನೆ ಯಾಕೆ ತಡವಾಯಿತು, ಹೋದ ಸಲದ ಪರಿಹಾರ ಯಾರ ಕೈ ಸೇರಿತು ಎಂದು ವರದಿ ಮಾಡುವಂತಿಲ್ಲ. 2011ರ ಮೂರನೇ ಹಂತದ ಎಫ್‌ಎಂ ನೀತಿ ಹವಾಮಾನ, ಸಂಚಾರ, ಪರೀಕ್ಷಾ ಫಲಿತಾಂಶ, ನೀರು-ವಿದ್ಯುತ್ ಪ್ರಕಟಣೆ, ವಿಕೋಪದ ಎಚ್ಚರಿಕೆ ಇವನ್ನೆಲ್ಲ ‘ಸುದ್ದಿಯಲ್ಲದ್ದು’ ಎಂದು ಪಟ್ಟಿ ಮಾಡಿ ಬಿಟ್ಟುಕೊಟ್ಟಿದೆ. ಸುದ್ದಿಯೇ ಬೇಕೆಂದರೆ ಆಕಾಶವಾಣಿಯದನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬೇಕು.

ಇದೇ ದೇಶದಲ್ಲಿ ಚಂದಾ ರೇಡಿಯೋದ ಕಥೆ ಬೇರೆಯಿತ್ತು. ಬೆಂಗಳೂರಿನಿಂದ ವಹಿವಾಟು ನಡೆಸುತ್ತಿದ್ದ ವರ್ಲ್ಡ್‌ಸ್ಪೇಸ್, ಏಷ್ಯಾಸ್ಟಾರ್ ಉಪಗ್ರಹದ ಮೂಲಕ ಕನ್ನಡಕ್ಕೆ ‘ಸ್ಪರ್ಶ’ ವಾಹಿನಿ ಕೊಟ್ಟಿತು. ಅದೇ ಪೆಟ್ಟಿಗೆಯಲ್ಲಿ ಬಿಬಿಸಿ ಸುದ್ದಿಯೂ ಬರುತ್ತಿತ್ತು. ಉಪಗ್ರಹ ರೇಡಿಯೋಕ್ಕೆಂದು 2005ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಶಿಫಾರಸು ಮಾಡಿದರೂ, 2009ರ ಡಿಸೆಂಬರ್ 31ಕ್ಕೆ ಸೇವೆ ನಿಲ್ಲುವ ತನಕ ನೀತಿ ಜಾರಿಯಾಗಲೇ ಇಲ್ಲ. ಚಂದಾ ಕಟ್ಟಿದವರಿಗೆ ಜಗತ್ತಿನ ಸುದ್ದಿ ಸಿಕ್ಕಿತು. ತೊಗರಿ ಹೊಲದಲ್ಲಿ ಮೊಬೈಲಿನ ಎಫ್‌ಎಂ ಹಚ್ಚಿದವರಿಗೆ ಹಾಡು, ಜಾಹೀರಾತು.

ಅಮೆರಿಕದಲ್ಲೂ ಎರಡಕ್ಕೆ ಎರಡು ಅಳತೆ ಉಂಟು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಪುಕ್ಕಟೆ ರೇಡಿಯೋದಲ್ಲಿ ಅಸಭ್ಯ ಮಾತು ನಿಷಿದ್ಧ, ಚಂದಾ ರೇಡಿಯೋಕ್ಕೆ ಆ ಕಟ್ಟಿಲ್ಲ. ರೇಡಿಯೋ ನಿರೂಪಕ ಹೋವರ್ಡ್ ಸ್ಟರ್ನ್ 2006ರಲ್ಲಿ ಚಂದಾ ರೇಡಿಯೋ ‘ಸಿರಿಯಸ್’ ಸೇರಿದ್ದರ ಹಿಂದೆ ಈ ವ್ಯತ್ಯಾಸವೇ ಇತ್ತು. ಯಾರೂ ಕೇಳದೆಯೇ ಮಕ್ಕಳ ಕಿವಿಗೆ ಬೀಳುವ ದನಿಗೆ ಮಿತಿಯಿರಲಿ ಎಂಬುದು ಒಪ್ಪತಕ್ಕ ಮಾತು. ಆದರೆ ಅಲ್ಲಿ ಸುದ್ದಿಗೆ ತಡೆಯಿಲ್ಲ. ನಮ್ಮಲ್ಲಿ ತಡೆ ಬಿದ್ದದ್ದು ಸುದ್ದಿಗೇ.

ಈ ತಡೆಗೆ ಸರ್ಕಾರ ಭದ್ರತೆಯ ಕಾರಣ ಹೇಳುತ್ತದೆ. ಕನ್ನಡದ ಖಾಸಗಿ ಟಿವಿಗಳು ಹಗಲೂ ರಾತ್ರಿ ಸುದ್ದಿ ಕೊಡುತ್ತಿರುವಾಗ ಆ ಕಾರಣ ನಿಲ್ಲುವುದಿಲ್ಲ. ಕಲಬುರಗಿ ಆಕಾಶವಾಣಿಯ ದಶಕಗಳ ಸೇವೆ ದೊಡ್ಡದೇ. ಆದರೆ ಆಕಾಶವಾಣಿಯ ಸಂಹಿತೆ ಪಕ್ಷಗಳನ್ನು ಹೆಸರಿಸಿ ಟೀಕಿಸುವುದಕ್ಕೂ ಸರ್ಕಾರಗಳನ್ನು ಕಟುವಾಗಿ ವಿಮರ್ಶಿಸುವುದಕ್ಕೂ ಅಡ್ಡ ನಿಂತಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡೂ ಕಡೆ ಉಳಿದುಬಿಡುತ್ತದೆ. ಕಾಸು ಕೊಡಲಾಗದವರ ಮಾಧ್ಯಮಕ್ಕೇ ಹೆಚ್ಚು ಬಿಗಿಯಾದ ಈ ನೀತಿ ಅನ್ಯಾಯದ್ದು.

ಖಾಸಗಿ ಎಫ್‌ಎಂಗೆ ಗಂಟೆಗೆ 10 ನಿಮಿಷ ಸುದ್ದಿ ಕೊಡಲು ಬಿಡಿ ಎಂದು ಟ್ರಾಯ್ 2023ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿದೆ. ಕಲಬುರಗಿ ಜಿಲ್ಲೆಯ ಸರಸಂಬಾದಂಥ ಗಡಿ ಊರುಗಳ ಜನ ಮತ ಕೇಳಲು ಬರುವವರ ಮುಂದೆ ರಸ್ತೆ, ನೀರಿನ ಜೊತೆಗೆ ಈ ಹತ್ತು ನಿಮಿಷವನ್ನೂ ಕೇಳಬೇಕು.